ಏಣಿ ಬಡಿದಾಗ

ಸುಬ್ರಮಣಿಗೆ ಭಯ ಅನ್ನೋದೇ ಇಲ್ಲ ಎಂದು ನನ್ನ ಗಂಡ ನರೇಶ್ ಮೊದಲ ಸಲ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಾನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ವಾಪಸ್ ಬರುವವಳು. ಅಂಥವರೊಬ್ಬರು ಇದ್ದರೆ ನೋಡಬೇಕು ಅನ್ನಿಸಿತು.

ಮತ್ತಿಗಿರಿಯ ನಮ್ಮ ಮನೆಯಿಂದ ಅಂಚೆಟ್ಟಿ ಕಡೆಗೆ ಹೋಗುವ ರಸ್ತೆಯಲ್ಲಿ, ಬಲಕ್ಕೆ ತಿರುಗಿ ಮಣ್ಣಿನ ದಾರಿ ಹಿಡಿದರೆ ಒಂದು ಹಳೆಯ ಕಲ್ಲುಕ್ವಾರಿ ಸಿಗುತ್ತದೆ. ಕರಿಕಲ್ಲು ತೆಗೆಯುತ್ತಿದ್ದ ಗುಂಡಿ. ಕೆಲಸ ನಿಂತ ಮೇಲೆ ಮಳೆನೀರು, ಊಟೆನೀರು ಸೇರಿ ತುಂಬಿಕೊಂಡಿದೆ. ಸುತ್ತ ಗೋಡೆ ಹಾಗೆ ನಿಂತ ಬಂಡೆ, ಮಧ್ಯೆ ಹಸಿರು ನೀರು. ಅದರ ದಡದ ಶೆಡ್ಡಿನಲ್ಲಿ ಸುಬ್ರಮಣಿ ಮತ್ತು ಅವರ ಹೆಂಡತಿ ಆದಿಲಕ್ಷ್ಮಮ್ಮ ಇದ್ದಾರೆ. ಮೊದಲು ಕ್ವಾರಿಯ ಕೆಲಸಗಾರರಾಗಿ, ಆಮೇಲೆ ಕಾವಲಿಗೆ, ಈಗ ಪ್ರಮೋದ್ ಜೊತೆಗೆ.

ಪ್ರಮೋದ್ ನರೇಶ್ ಜೊತೆ ಒಂದೇ ಶಿಫ್ಟಿನಲ್ಲಿದ್ದವನು. ಫ್ಯಾಕ್ಟರಿ ಬಿಟ್ಟು ಅಂಡಮಾನಿಗೆ ಹೋಗಿ ಸ್ಕೂಬಾ ಡೈವಿಂಗ್ ಕಲಿತು ಬಂದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಅದರ ಕೊಳವೆ ಕಚ್ಚಿಕೊಂಡು ನೀರಿನ ಅಡಿಯಲ್ಲಿ ಓಡಾಡುವ ವಿದ್ಯೆ. ಸಮುದ್ರಕ್ಕೆ ಹೋಗುವ ಮುಂಚೆ ಜನರಿಗೆ ಅಭ್ಯಾಸಕ್ಕೆ ಆಳದ ನೀರು ಬೇಕು, ಈ ಗುಂಡಿ ಸರಿಯಾಗಿದೆ ಎಂದು ಇಲ್ಲಿ ಕ್ಲಾಸ್ ಶುರು ಮಾಡಿದ. ನರೇಶ್ ಭಾನುವಾರ ಭಾನುವಾರ ಹೋಗತೊಡಗಿದ. ಮನೆಯಲ್ಲಿ ಕೂತು ಏನೇನೋ ಯೋಚಿಸುವುದಕ್ಕಿಂತ ದಡದಲ್ಲಿ ಕೂತು ನೋಡುವುದೇ ವಾಸಿ ಎಂದು ನಾನೂ ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ನೀರಿನ ಹತ್ತಿರ ಅವಳು ಓಡಬಾರದೆಂದು ನನ್ನ ದುಪಟ್ಟಾದ ಒಂದು ತುದಿ ಅವಳ ಸೊಂಟಕ್ಕೆ, ಇನ್ನೊಂದು ತುದಿ ನನ್ನ ಸೊಂಟಕ್ಕೆ ಕಟ್ಟುತ್ತಿದ್ದೆ. ಆದಿಲಕ್ಷ್ಮಮ್ಮ ಅದನ್ನು ನೋಡಿ, ಕರು ಕಟ್ಟಾಕಿದಂಗೆ ಕಟ್ಟಾಕಿದೀಯಲ್ಲಮ್ಮಣ್ಣಿ, ಹುಲ್ಲಾಕಿದೀಯಾ ಎಂದು ಕೇಳಿದರು. ಆದರೆ ಬಿಚ್ಚು ಅನ್ನಲಿಲ್ಲ.

ಸುಬ್ರಮಣಿ ಹುಟ್ಟಿದ್ದು ನಾಟ್ರಾಂಪಾಳ್ಯದಲ್ಲಿ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಹುರುಳಿ. ಬಸ್ಸಿಗೆ ಅಂಚೆಟ್ಟಿವರೆಗೆ ನಡೆಯಬೇಕಾಗಿದ್ದ ಕಾಲದಲ್ಲಿ ನಡೆದು ಬಂದು, ಮೀಸೆ ಮೂಡುವ ಮುಂಚೆ ಈ ಕ್ವಾರಿಗೆ ಸೇರಿದರು. ಮೊದಲು ಚೂರು ಕಲ್ಲು ಹೊರುವುದು, ಆಮೇಲೆ ಡ್ರಿಲ್ಲಿಂಗ್. ಡ್ರಿಲ್ಲಿಂಗ್ ಅಂದರೆ ಜೋಡಿ ಕೆಲಸ. ಒಬ್ಬ ಮಿಷನ್ ಅದುಮಿ ಹಿಡಿಯಬೇಕು, ಇನ್ನೊಬ್ಬ ಕಂಬಿ ನೇರ ಮಾಡಿ ನೀರು ಬಿಡಬೇಕು. ಜೋಡಿ ಒಟ್ಟಿಗೆ ಇಳಿಯುತ್ತದೆ, ಒಟ್ಟಿಗೆ ಹತ್ತುತ್ತದೆ. ಸುಬ್ರಮಣಿಯ ಜೋಡಿ ಮುನಿಕೃಷ್ಣಪ್ಪ.

ಬಂಡೆಗೆ ಮದ್ದು ಹಾಕಿ ಸಿಡಿಸುವ ಮುಂಚೆ ಮೇಸ್ತ್ರಿ ಮೇಲೆ ನೇತುಹಾಕಿದ್ದ ರೈಲುಕಂಬಿಯನ್ನು ಸುತ್ತಿಗೆಯಿಂದ ಬಿಡದೆ ಬಡಿಯುತ್ತಿದ್ದ. ಆ ಸದ್ದು ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಹತ್ತಬೇಕು. ಹತ್ತುವಾಗ ಎಲ್ಲರೂ 'ಹತ್ರೋ, ಹತ್ರೋ' ಎಂದು ಕೂಗಬೇಕು, ಕೇಳಿಸದವರಿಗೂ ಕೇಳಲಿ ಅಂತ. ಮೇಲೆ ಮುಳ್ಳುಬೇಲಿಯ ಹತ್ತಿರ ಹೋಗಿ ಕಿವಿ ಮುಚ್ಚಿ ಕುಕ್ಕರಗಾಲಲ್ಲಿ ಕೂರಬೇಕು. ವರ್ಷಗಟ್ಟಲೆ ಇದೇ ಮಾಡಿದರೆ ಯೋಚನೆ ಬೇಕಾಗುವುದಿಲ್ಲವಂತೆ, ಕಾಲು ತಾನಾಗಿ ಓಡುತ್ತದಂತೆ.

ಒಂದು ದಿನ ಹಾಗೆ ಕಾಲು ಓಡಿತು. ಸುಬ್ರಮಣಿ ಹತ್ತಿ, ಕೂಗಿ, ಬೇಲಿಯ ಹತ್ತಿರ ಕೂತು ತಿರುಗಿ ನೋಡಿದರೆ ಜೋಡಿ ಇರಲಿಲ್ಲ. ಮುನಿಕೃಷ್ಣಪ್ಪ ಕಿವಿಗೆ ಬಟ್ಟೆ ತುರುಕಿಕೊಂಡಿದ್ದರು, ಕೆಳಗೆ ಡ್ರಿಲ್ಲಿಂಗ್ ಮಿಷನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಇನ್ನೂ ಓಡುತ್ತಿತ್ತು. ಆಮೇಲೆ ಬಂಡೆ ಸಿಡಿಯಿತು.

ಇದನ್ನು ಸುಬ್ರಮಣಿ ನನಗೆ ಹೇಳಿದ್ದು ನಾನು ಅಲ್ಲಿಗೆ ಹೋದ ಮೊದಲ ದಿನವೇ. ಆ ಕಡೆ ಮುಳ್ಳಿದೆ, ಚಪ್ಪಲಿ ಹಾಕ್ಕೊಂಡು ಹೋಗಿ ಎಂದು ಹೇಳಿದ ದನಿಯಲ್ಲೇ ಇದನ್ನೂ ಹೇಳಿದರು. ನಾನು ಮಗಳ ಟೋಪಿ ಸರಿಮಾಡಿದೆ.

"ಅವತ್ತಿಂದ ಏನೂ ಅನ್ನಿಸ್ತಿಲ್ಲ ಕಣಮ್ಮ," ಎಂದರು. "ಬಿಸ್ಲಿಗೆ ಬಿಸ್ಲು ಅನ್ಸಲ್ಲ. ಹಿಂಗೇ ಇದೀನಿ."

ಆದಿಲಕ್ಷ್ಮಮ್ಮ ಅದಕ್ಕೆ ಸಾಕ್ಷಿಗಳನ್ನು ಕೊಟ್ಟರು. ನಾಟ್ರಾಂಪಾಳ್ಯದಲ್ಲಿ ಹೆತ್ತವ್ವ ಸತ್ತಾಗ ಈವಯ್ಯ ಗುಂಡಿ ತೋಡಿ, ಸ್ನಾನ ಮಾಡಿ, ಉಂಡು ಮಲಗಿದ. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದರೆ ಮುದ್ದೆ ಮುಗಿಸಿ ಕೈ ತೊಳೆದ. ಹೇಳುತ್ತಾ ಅವರು ನಕ್ಕರು. ಸುಬ್ರಮಣಿ ಕೇಳಿಸಿಕೊಂಡರು, ಬೇರೆ ಯಾರದೋ ವಿಷಯ ಎನ್ನುವ ಹಾಗೆ.

ಪ್ರಮೋದ್‌ಗೆ ಮಾತ್ರ ಇದು ವರವಾಗಿ ಕಂಡಿತು. ಮೊದಲ ಸಲ ಕೆಳಗಿಳಿದವರಿಗೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲಿಂದ ಮೇಲೆ ಎಳೆಯುತ್ತಾರೆ, ಸಿಲಿಂಡರ್ ಬೇಗ ಖಾಲಿ. ಕೆಲವರು ಮುಖಕ್ಕೆ ಕಟ್ಟಿದ ಕನ್ನಡಿಯನ್ನೇ ಕಿತ್ತುಹಾಕಲು ಹೋಗುತ್ತಾರೆ. ಸಿಲಿಂಡರ್ ತುಂಬುವ ಕೆಲಸಕ್ಕಿದ್ದ ಸುಬ್ರಮಣಿಯನ್ನು ಒಂದು ದಿನ ತಮಾಷೆಗೆ ಕೆಳಗೆ ಕರೆದುಕೊಂಡು ಹೋದರೆ, ಅವರು ದೇವಸ್ಥಾನದ ಮೆಟ್ಟಿಲ ಮೇಲೆ ಕೂತವರ ಹಾಗೆ ಇದ್ದರಂತೆ. ಗಾಳಿ ಅರ್ಧವೂ ಖರ್ಚಾಗಿರಲಿಲ್ಲ. ಇವರೇ ಹುಟ್ಟಾ ಡೈವರ್, ಕಲಿಯುವವರ ಪಕ್ಕ ಇದ್ದು ನೋಡಿಕೊಳ್ಳುವ ಕೆಲಸಕ್ಕೆ ಇವರೇ ಸರಿ ಎಂದು ಪ್ರಮೋದ್ ತೀರ್ಮಾನಿಸಿದ.

ಸುಬ್ರಮಣಿಗೂ ಅದು ಬೇಕಾಗಿತ್ತು. ಆದಿಲಕ್ಷ್ಮಮ್ಮ ನನಗೆ ಗುಟ್ಟು ಹೇಳುವ ಹಾಗೆ ಹೇಳಿದರು, ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಏನಾದರೂ ಬೇಕು ಎಂದು ಕೇಳಿದ್ದು ಇದೊಂದೇ. ಬಟ್ಟೆ ಕೇಳಲಿಲ್ಲ, ಊರಿಗೆ ಹೋಗಬೇಕು ಅನ್ನಲಿಲ್ಲ. ದಿನಾ ಕೆಳಗೆ ಹೋಗಬೇಕು, ಅಷ್ಟೇ. ಯಾಕೆ ಎಂದು ಕೇಳಿದರೆ, ನಾವು ಕೊಯ್ದ ಮೆಟ್ಲೆಲ್ಲಾ ಹಂಗಂಗೇ ಅವೆ, ಕಂಬಿ ಹೊಡೆದ ತೂತೂ ಅವೆ ಅಂದನಂತೆ. ಅದರಲ್ಲಿ ನೋಡುವುದೇನಿದೆಯೋ ದೇವರಿಗೇ ಗೊತ್ತು ಎಂದು ಅವರು ಎಲೆಗೆ ಸುಣ್ಣ ಹಚ್ಚಿದರು.

ಡೈವಿಂಗ್ ಕೂಡ ಜೋಡಿ ಕೆಲಸ. ಒಬ್ಬರೇ ಇಳಿಯುವ ಹಾಗಿಲ್ಲ. ಸುಬ್ರಮಣಿಗೆ ಪ್ರಮೋದ್ ಕೊಟ್ಟ ಜೋಡಿ ನರೇಶ್.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಕೆಳಗಿದ್ದರು. ಅಂಚೆಟ್ಟಿ ಬೆಟ್ಟದ ಕಡೆಯಿಂದ ಮೋಡ ಬಂತು, ಗುಡುಗಿತು. ಸಿಡಿಲು ಬರುವಾಗ ಯಾರೂ ನೀರಲ್ಲಿರಬಾರದು. ಕೆಳಗಿರುವವರನ್ನು ಕರೆಯಲು ಒಂದೇ ದಾರಿ, ಕಬ್ಬಿಣ ಬಡಿಯುವುದು. ನೀರಲ್ಲಿ ಸದ್ದು ದೂರ ಹೋಗುತ್ತದೆ. ಬಂಡೆಗೆ ಹಾಕಿದ ಹಳೆಯ ಕಬ್ಬಿಣದ ಏಣಿ ದಡದಿಂದ ನೀರಿನೊಳಗೆ ಇಳಿದಿತ್ತು. ಅದು ಕೇಳಿದರೆ ಜೋಡಿಯ ಮುಖ ನೋಡಬೇಕು, ಸನ್ನೆ ಮಾಡಬೇಕು, ಇಬ್ಬರೂ ನಿಧಾನವಾಗಿ ಮೇಲೇರಬೇಕು, ನಡುವೆ ಸ್ವಲ್ಪ ಹೊತ್ತು ನಿಲ್ಲಬೇಕು. ಅವಸರದಲ್ಲಿ ಮೇಲೆ ಬಂದರೆ ಒಳಗಿರುವ ಗಾಳಿ ಹಿಗ್ಗಿ ಶ್ವಾಸಕೋಶ ಒಡೆಯುತ್ತದೆ. ಇದನ್ನೆಲ್ಲ ಪ್ರಮೋದ್ ಪಾಠದಲ್ಲಿ ಹೇಳಿದ್ದ. ಸುಬ್ರಮಣಿ ತಪ್ಪಿಲ್ಲದೆ ಒಪ್ಪಿಸಿದ್ದರು.

ಪ್ರಮೋದ್ ಸುತ್ತಿಗೆ ತೆಗೆದುಕೊಂಡು ಏಣಿಯನ್ನು ಬಡಿದ.

ನೀರು ಒಡೆದು ಸುಬ್ರಮಣಿ ಎದೆಯವರೆಗೆ ಮೇಲೆ ಚಿಮ್ಮಿದರು. ಬಾಯಲ್ಲಿ ಕೊಳವೆ ಇರಲಿಲ್ಲ. ಕೂಗುತ್ತಿದ್ದರು. ಕನ್ನಡಿಯೊಳಗೆ ಅರ್ಧ ರಕ್ತ. ಕಾಲಿಗೆ ಹಾಕಿದ್ದ ರಬ್ಬರ್ ರೆಕ್ಕೆ ಒದ್ದು ಬಿಸಾಡಿ, ಬೆನ್ನ ಮೇಲಿನ ಸಿಲಿಂಡರ್ ಸಮೇತ ಏಣಿ ಹತ್ತಿ, ನನ್ನ ಮುಂದೆಯೇ ಓಡಿಹೋಗಿ, ಮುಳ್ಳುಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡರು. ಆಮೇಲೆ ತಿರುಗಿದರು.

"ನರೇಶ್ ಸಾರ್ ಎಲ್ಲಿ?"

ನಾನು ನೀರನ್ನೇ ನೋಡುತ್ತಿದ್ದೆ. ಒಂದು ಕಡೆ ಗುಳ್ಳೆಗಳು ಬರುತ್ತಿದ್ದವು, ಸುಮ್ಮನೆ, ಅನ್ನ ಬೇಯುವಾಗ ಬರುವ ಹಾಗೆ. ಅವು ನಿಲ್ಲದಿದ್ದರೆ ಸಾಕು ಅಂದುಕೊಂಡೆ. ಬೇರೇನೂ ಅಂದುಕೊಳ್ಳಲಾಗಲಿಲ್ಲ. ಮಳೆ ಹನಿ ಬೀಳತೊಡಗಿದಾಗ ಯಾವುದು ಹನಿ ಯಾವುದು ಗುಳ್ಳೆ ಎಂದು ಗೊತ್ತಾಗದೆ ಹೋಯಿತು.

ನರೇಶ್ ಸ್ವಲ್ಪ ಹೊತ್ತಾದ ಮೇಲೆ ಬಂದ. ಅವನಿಗೆ ಏನೂ ಆಗಿರಲಿಲ್ಲ. ತಿರುಗಿದಾಗ ಜೋಡಿ ಇರಲಿಲ್ಲ, ಅಲ್ಲೇ ಸುತ್ತ ಹುಡುಕಿದೆ, ಕಾಣಲಿಲ್ಲ, ಪಾಠದಲ್ಲಿದ್ದ ಹಾಗೆ ನಿಂತು ನಿಂತು ಬಂದೆ ಎಂದ. ಎಲ್ಲರೂ ಅವನ ಮುಖ ನೋಡುತ್ತಿರುವುದು ಯಾಕೆಂದು ಅವನಿಗೆ ಅರ್ಥವಾಗಿರಲಿಲ್ಲ.

ಸುಬ್ರಮಣಿಯನ್ನು ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂಗಿನ ಒಳಗೆ ಒಂದು ನರ ಒಡೆದಿತ್ತು, ಶ್ವಾಸಕೋಶ ಸರಿಯಾಗಿತ್ತು. ಅಷ್ಟು ಅವಸರದಲ್ಲಿ ಬಂದವರು ಉಳಿದದ್ದು ಹೇಗೆ ಎಂದು ಡಾಕ್ಟರ್ ಕೇಳಿದಾಗ, ದಾರಿಯುದ್ದಕ್ಕೂ ಕೂಗುತ್ತಾ ಬಂದಿದ್ದರಿಂದ ಒಳಗಿನ ಗಾಳಿ ಹೊರಗೆ ಹೋಯಿತು ಎಂದು ಪ್ರಮೋದ್ ಲೆಕ್ಕ ಹಾಕಿ ಹೇಳಿದ. ಏನು ಕೂಗಿದಿರಿ ಎಂದು ಕೇಳಿದರೆ ಸುಬ್ರಮಣಿಗೆ ನೆನಪಿರಲಿಲ್ಲ. ದಡದಲ್ಲಿದ್ದ ನಮಗೆ ಕೇಳಿಸಿತ್ತು. 'ಹತ್ರೋ' ಎಂದು ಕೂಗಿದ್ದರು.

ಮನೆಗೆ ಬಂದ ಮೇಲೆ ನಾನು ನರೇಶ್‌ಗೆ ಹೇಳಿದೆ, ಇನ್ನು ಆ ಮನುಷ್ಯನ ಜೊತೆ ಇಳಿಯಬೇಡ. ನೀನು ಕೆಳಗಿದ್ದೀಯ ಅನ್ನುವುದೇ ಅವರಿಗೆ ನೆನಪಿರಲಿಲ್ಲ. ನರೇಶ್ ಮಗಳಿಗೆ ಇನ್ನೊಂದು ತುತ್ತು ತಿನ್ನಿಸಿದ.

ಪ್ರಮೋದ್ ಕೂಡ ಸುಬ್ರಮಣಿಗೆ ಇಳಿಯುವುದು ಬೇಡ ಅಂದುಬಿಟ್ಟ. ಸಿಲಿಂಡರ್ ತುಂಬಿ ಕೊಟ್ಟರೆ ಸಾಕು. ಸುಬ್ರಮಣಿ ತುಂಬಿದರು. ಮೂಗಿನ ನರ ವಾಸಿಯಾದ ಮೇಲೆ ಒಂದು ಬೆಳಿಗ್ಗೆ, ನಾವೆಲ್ಲ ಇದ್ದಾಗ, ಪ್ರಮೋದ್ ಮುಂದೆ ಬಂದು ನಿಂತರು. ಕೈ ಕಟ್ಟಿಕೊಳ್ಳಲಿಲ್ಲ, ಬೇಡಿಕೊಳ್ಳಲಿಲ್ಲ.

"ಇನ್ನೊಂದ್ ಕಿತ ಬಿಡಿ ಸಾರ್. ಎಲ್ಡು ಕಿತ ಬಿಟ್ ಬಂದಂಗಾಯ್ತು."

ಎರಡು ಸಲ ಬಿಟ್ಟು ಬಂದದ್ದು ಯಾರನ್ನು ಎಂದು ಯಾರೂ ಕೇಳಲಿಲ್ಲ.

ಪ್ರಮೋದ್ ಕೈಯಲ್ಲಿದ್ದ ಹಗ್ಗವನ್ನು ಪೂರ್ತಿ ಸುತ್ತಿಟ್ಟ. ಆಮೇಲೆ ತನ್ನದೇ ತಪ್ಪು ಎಂದ. ಉಳಿದವರಿಗೆ ಗಾಬರಿ ಬರುವ ಮುಂಚೆ ನೋಟೀಸ್ ಬರುತ್ತದೆ. ಉಸಿರು ಚಿಕ್ಕದಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಕೈ ನಡುಗುತ್ತದೆ. ನೋಟೀಸ್ ಬಂದ ಕೂಡಲೇ ನಿಲ್ಲು, ಹಗ್ಗ ಹಿಡಿ, ಎಳೆದುಕೊಂಡದ್ದಕ್ಕಿಂತ ಉದ್ದವಾಗಿ ಉಸಿರು ಬಿಡು, ಜೋಡಿಯನ್ನು ನೋಡು, ಆಮೇಲೆ ಏನು ಮಾಡಬೇಕೋ ಮಾಡು ಎಂದು ನಾವು ಕಲಿಸುತ್ತೇವೆ. ಇವರಿಗೆ ನೋಟೀಸೇ ಬರುವುದಿಲ್ಲ. ತಲೆಗೆ ಹೇಳದೆ ನೇರ ಕಾಲಿಗೆ ಹೋಗುತ್ತದೆ. ನಾನು ಅದನ್ನು ಧೈರ್ಯ ಅಂದುಕೊಂಡಿದ್ದೆ ಎಂದ.

ನನಗೆ ದಿನವಿಡೀ ಬರುವುದು ಬರೀ ನೋಟೀಸೇ. ಅದನ್ನು ಅಲ್ಲಿ ಹೇಳಲಿಲ್ಲ.

ಮೊದಲಿನಿಂದ ಶುರು ಮಾಡಿದರು. ದಡದ ಹತ್ತಿರ ಕೊಯ್ದ ಬಂಡೆಯ ಮೊದಲ ಮೆಟ್ಟಿಲು ನೀರಿನ ಕೆಳಗೇ ಇದೆ, ನಿಂತರೆ ಎದೆಮಟ್ಟ. ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಸುಬ್ರಮಣಿ ಮೊಣಕಾಲೂರಿ ಮುಳುಗಿ ಕೂರಬೇಕು, ಪಕ್ಕದಲ್ಲಿ ನರೇಶ್. ತಮಗೆ ತೋಚಿದಾಗ ಆದಿಲಕ್ಷ್ಮಮ್ಮ ಏಣಿ ಬಡಿಯಬೇಕು. ಬಡಿದ ಕೂಡಲೇ ಸುಬ್ರಮಣಿ ಉಸಿರು ಬಿಡಬೇಕು, ತಲೆ ತಿರುಗಿಸಿ ನರೇಶ್ ಮುಖ ನೋಡಬೇಕು. ಮೇಲೆ ಬರುವುದೆಲ್ಲ ಆಮೇಲೆ.

ಬಡಿದರು. ಬೆಲ್ ಹೊಡೆದಾಗ ಎದ್ದು ನಿಲ್ಲುವ ಸ್ಕೂಲ್ ಹುಡುಗರ ಹಾಗೆ ಸುಬ್ರಮಣಿ ನೀರಿನಿಂದ ಎದ್ದು ನಿಂತರು. ಮತ್ತೆ ಕೂರಿಸಿದರು. ಬಡಿದರು. ಎದ್ದರು.

"ಉಣ್ಣಕ್ಕೆ ಬಾ ಅಂತ ಗಂಟ್ಲು ಹರ್ಕೊಂಡ್ರೂ ಏಳಲ್ಲ," ಎಂದರು ಆದಿಲಕ್ಷ್ಮಮ್ಮ. "ಗೊತ್ತಿದ್ದಿದ್ರೆ ಮದ್ವೆಯಾದಾಗಿಂದ ಸುತ್ತಿಗೆನೇ ಇಟ್ಕೊಂತಿದ್ದೆ."

ಪ್ರಮೋದ್ ನಕ್ಕ. ನರೇಶ್ ನಕ್ಕ. ಸುಬ್ರಮಣಿ ನೀರು ಸುರಿಸುತ್ತಾ ನಿಂತಿದ್ದರು. ತಾನು ಯಾವಾಗ ಎದ್ದೆ ಎಂದೇ ತನಗೆ ಗೊತ್ತಾಗುವುದಿಲ್ಲ ಎಂದರು.

ಹೀಗೆ ಎಷ್ಟೋ ಭಾನುವಾರ ನಡೆಯಿತು. ನಾನು ನರೇಶ್ ಜೊತೆ ಮುನಿಸಿಕೊಂಡೇ ಹೋಗುತ್ತಿದ್ದೆ. ಮಗಳು ದುಪಟ್ಟಾ ಎಳೆಯುತ್ತಿದ್ದಳು. ಸುಬ್ರಮಣಿ ಏಳುತ್ತಿದ್ದರು. ಒಂದು ಸಲ ಅರ್ಧ ಎದ್ದು ಮತ್ತೆ ಕೂತರು. ಇನ್ನೊಂದು ಸಲ ಏಣಿ ಬಡಿದರೂ ನೀರಿನ ಮೇಲೆ ತಲೆ ಕಾಣಲಿಲ್ಲ. ಗುಳ್ಳೆ ಒಂದೇ ಸಲ ರಾಶಿಯಾಗಿ ಬಂತು, ಉದ್ದವಾಗಿ ಉಸಿರು ಬಿಟ್ಟಿದ್ದರು. ಆಮೇಲೆ ನರೇಶ್ ಅವರ ಹೆಗಲು ಮುಟ್ಟಿದ ಮೇಲೆ ಇಬ್ಬರೂ ಎದ್ದರು.

ಸುಬ್ರಮಣಿ ತಮ್ಮ ಬಲಗೈ ನೋಡಿಕೊಳ್ಳುತ್ತಿದ್ದರು.

"ಕೈ ಯಾಕೋ ಕುಣೀತೈತೆ," ಎಂದರು.

ಕೈ ನಿಜಕ್ಕೂ ನಡುಗುತ್ತಿತ್ತು. ಅದರಿಂದ ನೀರಿನ ಮೇಲೆ ಸಣ್ಣ ಸಣ್ಣ ಸುತ್ತು ಏಳುತ್ತಿದ್ದವು. ಪ್ರಮೋದ್ ಮೆಲ್ಲಗೆ, ಬಂತು ನೋಡಿ ನೋಟೀಸು, ಅದು ಇರಲಿ, ಓಡಿಸಬೇಡಿ ಎಂದ. ಆದಿಲಕ್ಷ್ಮಮ್ಮ ಅವತ್ತು ತಮಾಷೆ ಮಾಡಲಿಲ್ಲ. ಸುತ್ತಿಗೆ ಕೆಳಗಿಟ್ಟು ಶೆಡ್ಡಿನೊಳಗೆ ಹೋದರು. ರಾತ್ರಿ ಏನಾದರೂ ಬದಲಾವಣೆ ಇತ್ತೇ ಎಂದು ಮುಂದಿನ ವಾರ ಕೇಳಿದೆ. ಇಲ್ಲ, ಮತ್ತೆ ಉಪ್ಪಿಲ್ಲದ ಸಾರು ಬಡಿಸಿ ನೋಡಿದೆ, ಉಂಡ ಎಂದರು.

ಕೊನೆಗೆ ಆಳದಲ್ಲಿ ನೋಡಬೇಕಾದ ದಿನ ಬಂತು. ಇವತ್ತು ಜೋಡಿಯನ್ನು ಬಿಡದೆ ಮೇಲೆ ಬಂದರೆ ಸುಬ್ರಮಣಿ ಕಲಿಯುವವರ ಜೊತೆ ಇಳಿಯಬಹುದು, ಇಲ್ಲದಿದ್ದರೆ ಇನ್ನು ದಡವೇ ಗತಿ, ಮತ್ತೆ ಕೇಳಬಾರದು ಎಂದು ಪ್ರಮೋದ್ ಮೊದಲೇ ಹೇಳಿದ್ದ. ಸುಬ್ರಮಣಿ ಆಗಲಿ ಅಂದಿದ್ದರು. ದಾರಿಯಲ್ಲಿ ನಾನು ನರೇಶ್‌ಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮೇಲೆ ಬರುವಾಗ ಅವರು ಗಾಬರಿಯಲ್ಲಿ ನಿನ್ನ ಬಾಯಿಯ ಕೊಳವೆ ಕಿತ್ತುಕೊಂಡರೆ? ನಿನ್ನನ್ನೂ ಎಳೆದುಕೊಂಡು ಚಿಮ್ಮಿದರೆ? ನಿನಗೊಂದು ಮಗು ಇದೆ. ನರೇಶ್ ಬೈಕ್ ಓಡಿಸುತ್ತಲೇ ಇದ್ದ. ಮಣ್ಣಿನ ದಾರಿಗೆ ತಿರುಗಿದ ಮೇಲೆ ಒಂದೇ ಮಾತು ಹೇಳಿದ.

"ಯಾರಾದ್ರೂ ಜೋಡಿ ಬೇಕಲ್ಲ."

ಇಬ್ಬರೂ ಇಳಿದರು. ಅವರ ಮೇಲೆ ಹಸಿರು ನೀರು ಮುಚ್ಚಿಕೊಂಡಿತು. ಎರಡು ಕಡೆ ಗುಳ್ಳೆ ಬರತೊಡಗಿತು. ಪ್ರಮೋದ್ ಅವರಿಗಿಂತ ಮೊದಲೇ ಇಳಿದು ದೂರದಿಂದ ನೋಡುತ್ತಿದ್ದ, ಅವನ ಗುಳ್ಳೆ ಆಚೆ ಬಂಡೆಯ ಬುಡದಲ್ಲಿ ಬೇರೆಯಾಗಿ ಬರುತ್ತಿತ್ತು. ಬಡಿಯುವ ಹೊತ್ತನ್ನು ಆದಿಲಕ್ಷ್ಮಮ್ಮನಿಗೇ ಬಿಟ್ಟಿದ್ದ, ಕೆಳಗಿರುವ ಯಾರಿಗೂ ಮುಂಚೆ ಗೊತ್ತಾಗಬಾರದು ಅಂತ.

ಅವರು ಸುತ್ತಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ. ಮಗಳು ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಬಹಳ ಹೊತ್ತು ಅವರು ಬಡಿಯಲಿಲ್ಲ.

"ಅವತ್ತು ಮುನಿಕೃಷ್ಣಪ್ಪನ ಹೆಂಡ್ರು ನನ್ ಪಕ್ಕದಾಗೇ ಕುಂತಿದ್ಲು," ಎಂದರು ಆದಿಲಕ್ಷ್ಮಮ್ಮ ನೀರನ್ನು ನೋಡುತ್ತಾ. "ಹಿಂಗೇ. ಇಬ್ರೂವೆ ಅವರೇಕಾಯಿ ಬಿಡಿಸ್ತಿದ್ವಿ."

ಎದ್ದು ಹೋಗಿ ಏಣಿಯನ್ನು ಬಡಿದರು. ಮೇಸ್ತ್ರಿ ಬಡಿಯುತ್ತಿದ್ದ ಹಾಗೆ, ಬಿಡದೆ.

ಕೂತಿದ್ದ ಬಂಡೆಯ ಮೂಲಕ ಅದು ನನ್ನ ಬೆನ್ನುಮೂಳೆಗೆ ಬಂತು. ಮಗಳು ಎಚ್ಚರಗೊಂಡು ಅತ್ತಳು. ನಾನು ಗುಳ್ಳೆಗಳನ್ನು ನೋಡುತ್ತಿದ್ದೆ. ಒಂದು ಕಡೆಯದು ನಿಂತೇ ಹೋಯಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಅಲ್ಲಿಂದ ಒಂದು ದೊಡ್ಡ ರಾಶಿ ಬಂತು. ಅದು ಇನ್ನೊಂದರ ಕಡೆಗೆ ಸರಿಯಿತು. ಎರಡೂ ಸೇರಿ ಒಂದಾದವು. ಒಂದೇ ಜಾಗದಲ್ಲಿ ಕುದಿಯುತ್ತಾ ನಿಧಾನವಾಗಿ ಏಣಿಯ ಕಡೆಗೆ ಬಂದವು, ಮತ್ತೆ ಒಂದು ಕಡೆ ನಿಂತವು. ಅದು ನಡುವೆ ನಿಲ್ಲಬೇಕಾದ ಜಾಗ ಎಂದು ನನಗೆ ಗೊತ್ತಿತ್ತು. ಆದಿಲಕ್ಷ್ಮಮ್ಮನಿಗೆ ಗೊತ್ತಿರಲಿಲ್ಲ. ಅವರು ಸುತ್ತಿಗೆ ಹಿಡಿದುಕೊಂಡೇ ನಿಂತಿದ್ದರು. ನಾನು ಹೇಳಬಹುದಿತ್ತು. ಅಳುತ್ತಿದ್ದ ಮಗಳ ಬೆನ್ನು ತಟ್ಟುತ್ತಿದ್ದೆ.

ಎರಡು ತಲೆ ಒಟ್ಟಿಗೆ ಮೇಲೆ ಬಂದವು.

ಸುಬ್ರಮಣಿ ಏಣಿ ಹತ್ತಿ ಬಂದು ಕನ್ನಡಿ ತೆಗೆದರು. ಬೇಲಿಯ ಕಡೆಗೆ ಹೋಗಲಿಲ್ಲ. ಮುಖ ಎಂದಿನ ಹಾಗೇ ಇತ್ತು. ಪ್ರಮೋದ್ ಬಂದು, ಹೇಗನ್ನಿಸಿತು ಎಂದು ಕೇಳಿದ. ಸುಬ್ರಮಣಿ ಕನ್ನಡಿಯೊಳಗಿನ ನೀರು ಚೆಲ್ಲಿದರು.

"ತಿರುಗಿ ನೋಡ್ದೆ," ಎಂದರು. "ಇದ್ರು."

"ಇರ್ದೆ ಎಲ್ಲೋಯ್ತಾರೆ," ಎಂದರು ಆದಿಲಕ್ಷ್ಮಮ್ಮ. ಸುತ್ತಿಗೆ ಕೆಳಗೆ ಹಾಕಿ ಒಲೆ ಹಚ್ಚಲು ಹೋದರು.

ಸುಬ್ರಮಣಿ ಸಿಲಿಂಡರ್ ಬಿಚ್ಚಿ ತುಂಬಲು ಇಟ್ಟರು. ಈಗ ಅವರು ಕಲಿಯುವವರ ಜೊತೆ ಇಳಿಯುತ್ತಾರೆ. ಗಾಬರಿಯಾದವರ ಮುಂದೆ ಬಂದು ನಿಂತು, ತನ್ನ ಕೈಯನ್ನು ಎದೆಯಿಂದ ನಿಧಾನವಾಗಿ ಹೊರಗೆ ಸರಿಸಿ ಉಸಿರು ಬಿಡು ಎಂದು ತೋರಿಸುತ್ತಾರಂತೆ. ಕೆಲವೊಮ್ಮೆ ಆ ಕೈ ನಡುಗುತ್ತಿರುತ್ತದೆ ಎಂದು ನರೇಶ್ ಹೇಳುತ್ತಾನೆ. ನನ್ನ ಜೊತೆ ಮಾತಾಡುವಾಗ ಅವರು ಮೊದಲಿನ ಹಾಗೇ, ಆ ಕಡೆ ಮುಳ್ಳಿದೆ ಎನ್ನುತ್ತಾರೆ.

ಇಬ್ಬರೂ ಒಟ್ಟಿಗೆ ಮೇಲೆ ಬಂದ ಆ ದಿನ, ಮನೆಗೆ ಬಂದು ನರೇಶ್ ಶರ್ಟಿನ ತೋಳು ಮಡಚಿದಾಗ ಮುಂಗೈ ಮೇಲೆ ಕೆಂಪು ಗುರುತುಗಳಿದ್ದವು. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಕೊಬ್ಬರಿ ಎಣ್ಣೆ ತಂದು ಹಚ್ಚಿದೆ. ಮಗಳು ಬಂದು ಆ ಗುರುತುಗಳ ಮೇಲೆ ತನ್ನ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿದಳು. ಸಾಲಲಿಲ್ಲ.